ಮುಟ್ಟು ನಿಲ್ಲುವ ಕಾಲದಲ್ಲಿ ಗಂಡನ ಕರ್ತವ್ಯವೇನು?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹಗಲಲ್ಲಿ ಹುಟ್ಟಿದ ಸಿಟ್ಟು ರಾತ್ರಿಯ ನಿದ್ರೆಯಲ್ಲಿ ಕರಗಿ, ಮುಂಜಾನೆ ಇಬ್ಬರೂ ಹಗುರಾಗಿ ಏಳುವರು ಎಂಬದು ಅದರ ತಾತ್ಪರ್ಯ. ಗಾದೆಯು ಒಳ್ಳೇದೇ. ಆದರೆ ಉಂಡು ಮಲಗಿದ ಮೇಲೆ ಇಬ್ಬರಲ್ಲಿ ಒಬ್ಬಳಿಗೆ ನಿದ್ರೆಯೇ ಬಾರದಿದ್ದರೆ ಏನಾಗುವದು? ನಡುರಾತ್ರಿಯಲ್ಲಿ ಎದೆಯಿಂದ ಮುಖದ ವರೆಗೆ ಬೆಂಕಿಯ ಝಳದಂಥದೊಂದು ಏರಿ, ಕುಪ್ಪಸ ಬೆವರಿನಿಂದ ತೊಯ್ದು, ಅವಳು ಎದ್ದು ಪಡಸಾಲೆಯಲ್ಲಿ ಕೂತು ಬೆಳಗು ಮಾಡುತ್ತಿದ್ದರೆ, ಅಂಥ ಮನೆಯ ಜಗಳವು ಎಲ್ಲಿ ತೀರಬೇಕು?

ನಲವತ್ತೈದರ ಆಚೀಚೆ ಇರುವ ಅನೇಕ ಹೆಂಗಸರ ಸ್ಥಿತಿಯು ಹೀಗಿರುತ್ತದೆ. ಅವರ ಮಗ್ಗುಲಲ್ಲಿ ಮಲಗಿದ ಗಂಡಂದಿರಲ್ಲಿ ಬಹು ಮಂದಿ ಇದನ್ನು ಅರಿಯರು. ಇದನ್ನು ಕುರಿತು ಮಾತಾಡುವದು ನಾಚಿಕೆಗೆಟ್ಟ ಕೆಲಸವೆಂದು ಕೆಲವರು ಎಣಿಸುವರು. ಆದರೆ ಹೊಲಕ್ಕೂ ಮಗ್ಗಕ್ಕೂ ದನಕರುಗಳಿಗೂ ಬರುವ ತೊಂದರೆಗಳನ್ನು ಕಟ್ಟೆಯ ಮೇಲೆ ಕೂತು ವಿಚಾರಿಸುವ ನಾವು, ಮನೆಯೊಡತಿಗೆ ಬರುವದನ್ನು ಮಾತ್ರ ಅರಿಯದೆ ಇರುವದು ಮರ್ಯಾದೆಯಲ್ಲ, ಅಲಕ್ಷ್ಯವೇ. ಆದದರಿಂದ ಇದನ್ನು ಸಭ್ಯತೆಯಿಂದ ಆದರೆ ಬಿಚ್ಚುಮನಸ್ಸಿನಿಂದ ವಿಚಾರಿಸೋಣ.

ಮೊದಲು ಸಂಗತಿ ಏನೆಂಬದನ್ನು ತಿಳಿಯತಕ್ಕದ್ದು. ಹೆಂಗಸಿನ ಅಂಡಾಶಯಗಳಲ್ಲಿ ಹುಟ್ಟಿ ರಕ್ತದ ಸಂಗಡ ಶರೀರದಲ್ಲೆಲ್ಲಾ ಸಂಚರಿಸುವ ಈಸ್ಟ್ರೋಜನ್ ಎಂಬ ರಸವೊಂದುಂಟು. ಅದು ತಿಂಗಳ ಮುಟ್ಟನ್ನು ನಡಿಸುವದು ಮಾತ್ರವಲ್ಲ. ಎಲುಬಿನ ಗಟ್ಟಿತನ, ನಿದ್ರೆ, ಶರೀರದ ಶಾಖದ ಹದ, ಮನಸ್ಸಿನ ಸಮಾಧಾನ ಇವುಗಳಲ್ಲಿಯೂ ಅದರ ಪಾಲು ಇರುತ್ತದೆ. ನಲವತ್ತು ದಾಟಿದ ಮೇಲೆ ಈ ರಸವು ಒಮ್ಮೆ ಏರಿ ಒಮ್ಮೆ ಇಳಿದು ಕಡೆಗೆ ಬಹಳ ಕಡಿಮೆಯಾಗುವದು. ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟು ಕಾಣದಿದ್ದರೆ ಅದು ನಿಂತಿತೆಂದು ವೈದ್ಯರು ಹೇಳುವರು. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು ೫೧ನೇ ವರ್ಷದಲ್ಲಿ ಆದರೆ, ನಮ್ಮ ದೇಶದಲ್ಲಿ ಸರಾಸರಿ ೪೬ನೇ ವರ್ಷದ ಸುಮಾರಿಗೇ ಆಗುತ್ತದೆ. ತೊಂದರೆಗಳಾದರೋ ಆ ದಿನಕ್ಕಾಗಿ ಕಾಯುವದಿಲ್ಲ. ಕೆಲವು ವರ್ಷ ಮುಂಚೆಯೇ ಮುಟ್ಟು ಹಿಂದುಮುಂದಾಗುವದು, ಒಂದು ತಿಂಗಳು ತಪ್ಪಿ ಮರುತಿಂಗಳು ಮಿತಿಮೀರಿ ಹೋಗುವದು, ಝಳ, ಎದೆಬಡಿತ, ಕೀಲುನೋವು, ಮರೆವು, ಕಾರಣವಿಲ್ಲದೆ ಕಣ್ಣೀರು, ಕಾರಣ ಚಿಕ್ಕದಾದರೂ ದೊಡ್ಡ ಸಿಟ್ಟು, ಇವೆಲ್ಲಾ ಕಾಣಿಸಿಕೊಳ್ಳಬಹುದು. ಝಳವು ಅನೇಕರನ್ನು ಏಳು ವರ್ಷಗಳ ತನಕವೂ ಬಿಡುವದಿಲ್ಲ. ಎಲ್ಲರಿಗೂ ಒಂದೇ ವಿಧವಾಗಿ ಆಗುವದಿಲ್ಲ. ಕೆಲವರಿಗೆ ಏನೂ ತಿಳಿಯದಷ್ಟು ಹಗುರಾಗಿ ಕಳೆಯುವದು; ತಿಂಗಳ ತಿಂಗಳ ಬವಣೆ ತೀರಿತಲ್ಲಾ ಎಂದು ಸಂತೋಷಪಡುವವರೂ ಉಂಟು.

ಇನ್ನು ನಮ್ಮ ಸೀಮೆಯ ದುಡಿಮೆಯನ್ನು ಇದಕ್ಕೆ ಕೂಡಿಸಿ ನೋಡಿರಿ. ಬೆಟಗೇರಿಯ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವಳೂ, ಮುಂಡರಗಿಯ ಎರೆಹೊಲದಲ್ಲಿ ಉಳ್ಳಾಗಡ್ಡಿ ಕೀಳುವವಳೂ, ಶಿರಹಟ್ಟಿಯ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವವಳೂ, ಲಕ್ಷ್ಮೇಶ್ವರದ ಸಂತೆಯಲ್ಲಿ ಕಾಯಿಪಲ್ಯೆ ಮಾರುವವಳೂ ಈ ವಯಸ್ಸಿನಲ್ಲಿ ದುಡಿಮೆ ಬಿಟ್ಟು ಕೂಡ್ರುವದಿಲ್ಲ. ಹೊರಗೆ ಚೈತ್ರ ವೈಶಾಖದ ಬಿಸಿಲು, ಒಳಗೆ ಒಲೆಯ ಉರಿ, ಅದರ ಮುಂದೆ ಇಪ್ಪತ್ತು ರೊಟ್ಟಿ ಬಡಿಯುವವಳ ಶರೀರದಲ್ಲಿ ಮೂರನೇದೊಂದು ಬೆಂಕಿ. ಮಗಳ ಮದುವೆಯ ಚಿಂತೆ, ಹಾಸಿಗೆ ಹಿಡಿದ ಅತ್ತೆಯ ಸೇವೆ, ಊರು ಬಿಟ್ಟು ಹೋದ ಮಗನ ನೆನಪು, ಇವೆಲ್ಲಾ ಸಾಮಾನ್ಯವಾಗಿ ಇದೇ ವರ್ಷಗಳಲ್ಲಿಯೇ ಒಟ್ಟಾಗಿ ಬರುವವು.

ಹೀಗಿರಲಾಗಿ ನಮ್ಮ ಮುಂದಿರುವ ಪ್ರಶ್ನೆಯು ಯಾವದೆಂದರೆ: ಇಂಥ ಕಾಲದಲ್ಲಿ ಹೆಂಡತಿಯು ಆಡಿದ ಕಠಿಣ ಮಾತನ್ನು ಗಂಡನು ಹೇಗೆ ಎಣಿಸಬೇಕು? ಅದು ಅವಳ ಮಾತೋ, ಅವಳ ಶರೀರದ ಮಾತೋ?

ಒಂದು ದೃಷ್ಟಾಂತವನ್ನು ಮನಸ್ಸಿನ ಮುಂದೆ ಇಟ್ಟುಕೊಳ್ಳೋಣ. ಒಬ್ಬ ನೇಕಾರನು ಶನಿವಾರದ ಸಂಜೆ ಇಬ್ಬರು ಬೀಗರನ್ನು ಮುಂಚೆ ತಿಳಿಸದೆ ಊಟಕ್ಕೆ ಕರಕೊಂಡು ಬಂದನೆಂದು ತಿಳಿಯಿರಿ. ಹಿಂದೆ ಎಷ್ಟೋ ಸಾರಿ ಹೀಗೆ ಮಾಡಿದ್ದನು. ಹೆಂಡತಿಯು ಒಂದು ಮಾತೂ ಆಡದೆ ಮತ್ತೆ ಹಿಟ್ಟು ನಾದಿ ರೊಟ್ಟಿ ಮಾಡಿ ಬಡಿಸಿದ್ದಳು. ಈ ಸಾರಿ ಅವಳು ಒಲೆಯ ಮುಂದಿನಿಂದ ಎದ್ದು ಹಂಚನ್ನು ಸಪ್ಪಳವಾಗುವಂತೆ ಕೆಳಗಿಟ್ಟು, “ಇಪ್ಪತ್ತೈದು ವರ್ಷದಾಗ ಒಮ್ಮೆರೆ ನನ್ನ ಕೇಳಿ ಮಂದೀನ ಕರಕೊಂಡು ಬಂದೀರೇನು?” ಎಂದು ಬೀಗರ ಎದುರಿನಲ್ಲಿಯೇ ಕೂಗಿದಳು. ಗಂಡನ ಮುಖವು ಕೆಂಪಾಯಿತು. ಬೀಗರಲ್ಲಿ ಹಿರಿಯನಾದವನು ಅವನನ್ನು ಹೊರಗೆ ಕರೆದು, “ಹೋಗಲಿ ಬಿಡೋ ತಮ್ಮಾ, ಈ ವಯಸ್ಸಿನಾಗ ಹೆಣ್ಣಮಕ್ಕಳಿಗೆ ಹಿಂಗ ಆಗತೈತಿ. ನೀ ಕಿವಿಮ್ಯಾಲೆ ಹಾಕೋಬ್ಯಾಡ” ಎಂದು ಸಮಾಧಾನ ಹೇಳಿದನು.

ಈ ಸಂಗತಿಯಲ್ಲಿ ಎರಡು ವಿಧವಾದ ತಪ್ಪುಗಳಿಗೆ ಎಡೆಯುಂಟು. ಮೊದಲನೇದು, ಗಂಡನು ಸಿಟ್ಟಾಗಿ, ಇವಳು ಸೊಕ್ಕಿನವಳಾದಳು, ನನ್ನ ಮರ್ಯಾದೆ ಕಳೆದಳು ಎಂದು ಅವಳನ್ನು ಬೈಯುವದು ಇಲ್ಲವೆ ಹೊಡೆಯುವದು. ಆರು ರಾತ್ರಿ ನಿದ್ರೆಯಿಲ್ಲದವಳ ಧ್ವನಿಯು ಏರಿದ್ದು ಸೊಕ್ಕಿನಿಂದಲ್ಲ. ನಮ್ಮಲ್ಲಿ ಯಾವನಿಗಾದರೂ ಒಂದು ರಾತ್ರಿ ಹಲ್ಲುನೋವು ಬಂದರೆ ಮನೆಮಂದಿಯೆಲ್ಲಾ ಮೆಲ್ಲಗೆ ನಡೆಯಬೇಕು, ಕೂಸು ಅಳಬಾರದು, ಬಟ್ಟಲು ಸಪ್ಪಳವಾಗಬಾರದು. ಆ ರಾತ್ರಿ ನಾವಾಡಿದ ಮಾತುಗಳನ್ನು ಮರುದಿನ ಯಾರೂ ಎಣಿಸುವದಿಲ್ಲ. ನಮ್ಮ ಹಲ್ಲಿಗೆ ದೊರೆಯುವ ಕ್ಷಮೆಯು ಅವಳ ಸರ್ವಾಂಗಕ್ಕೆ ಯಾಕೆ ದೊರೆಯಬಾರದು?

ಬಾಧೆಯನ್ನು ದೋಷವೆಂದು ತಿಳಿಯುವ ಈ ತಪ್ಪು ಹೊಸದಲ್ಲ. ಹನ್ನಳು ದುಃಖದಿಂದ ತುಟಿಗಳನ್ನು ಮಾತ್ರ ಅಲ್ಲಾಡಿಸುತ್ತಾ ಬೇಡಿಕೊಳ್ಳುತ್ತಿದ್ದಾಗ ಯಾಜಕನಾದ ಏಲಿಯು ಅವಳನ್ನು ಕುಡಿದವಳೆಂದು ಎಣಿಸಿ ಗದರಿಸಿದ್ದನ್ನು ನೀವು ಬಲ್ಲಿರಿ. ಅವನು ದುಷ್ಟನಲ್ಲ, ವೃದ್ಧನು, ಅನುಭವಸ್ಥನು. ಆದರೂ ಕಣ್ಣಿಗೆ ಕಂಡದ್ದರಿಂದಲೇ ತೀರ್ಪು ಮಾಡಿದನು. ಅವನಲ್ಲಿ ಮೆಚ್ಚತಕ್ಕದ್ದೇನಂದರೆ, ಅವಳು ತನ್ನ ಸ್ಥಿತಿಯನ್ನು ಹೇಳಿದಾಗ ಕೇಳಿ, ತನ್ನ ಮಾತನ್ನು ಹಿಡಿದು ಕೂಡ್ರದೆ ಕೂಡಲೇ ಅವಳನ್ನು ಆಶೀರ್ವದಿಸಿದನು.

ಎರಡನೇ ತಪ್ಪು ಆ ಹಿರಿಯನ ಮಾತಿನಲ್ಲಿದೆ. ಇದು ದಯೆಯಂತೆ ಕಾಣುವದರಿಂದ ಇದನ್ನು ಕಂಡುಹಿಡಿಯುವದು ಕಷ್ಟ. ಇದು ಅವಳ ಮಾತಲ್ಲ, ವಯಸ್ಸಿನ ಮಾತು ಎನ್ನುವವನು ಅವಳನ್ನು ನಿಂದೆಯಿಂದ ಬಿಡಿಸುವದೇನೋ ನಿಜ. ಆದರೆ ಅದರ ಸಂಗಡ ಅವಳ ಮಾತನ್ನೂ ಕಸದಲ್ಲಿ ಎಸೆಯುತ್ತಾನೆ. ಅವಳು ಹೇಳಿದ್ದು ಸುಳ್ಳಾಗಿತ್ತೋ? ಇಪ್ಪತ್ತೈದು ವರ್ಷಗಳಲ್ಲಿ ಗಂಡನು ಒಮ್ಮೆಯೂ ಕೇಳಿರಲಿಲ್ಲವೆಂಬದು ನಿಜವೇ ಆಗಿತ್ತಲ್ಲಾ! ಶರೀರದ ಬಾಧೆಯು ಅವಳ ಧ್ವನಿಯನ್ನು ಏರಿಸಿತು, ತಾಳ್ಮೆಯ ಮುಚ್ಚಳವನ್ನು ತೆಗೆಯಿತು. ಒಳಗಿದ್ದ ಸಂಗತಿಯನ್ನು ಅದು ಹುಟ್ಟಿಸಲಿಲ್ಲ. ಅದು ಮೊದಲಿನಿಂದಲೂ ಅಲ್ಲಿಯೇ ಇತ್ತು. ಹೆಂಡತಿಯ ಪ್ರತಿಯೊಂದು ದೂರಿಗೂ ವಯಸ್ಸೇ ಕಾರಣವೆಂದು ಹೇಳುವ ಗಂಡನು, ಅವಳು ಇನ್ನು ಏನು ಹೇಳಿದರೂ ತನಗೆ ತಾಕದಂತೆ ಒಂದು ಗೋಡೆಯನ್ನು ಕಟ್ಟಿಕೊಂಡಂತಾಯಿತು. ಬೈಯುವವನು ಅವಳನ್ನು ತಪ್ಪಿತಸ್ಥಳೆಂದು ಎಣಿಸಿದರೂ ಮನುಷ್ಯಳೆಂದು ಎಣಿಸುತ್ತಾನೆ. ಕಿವಿಯ ಮೇಲೆ ಹಾಕಿಕೊಳ್ಳದವನು ಅವಳನ್ನು ಕೆಟ್ಟುಹೋದ ಯಂತ್ರದಂತೆ ಎಣಿಸುತ್ತಾನೆ. ಯಾವದು ಹೆಚ್ಚು ಅವಮಾನಕರವೆಂದು ನೀವೇ ಹೇಳಿರಿ.

ಆದದರಿಂದ ನಮ್ಮ ನಿಯಮವು ಹೀಗಿರಲಿ: ಧ್ವನಿಯನ್ನು ಕ್ಷಮಿಸು, ಮಾತನ್ನು ತೂಗು. ಸಪ್ಪಳವನ್ನೂ ಕಣ್ಣೀರನ್ನೂ ಮರೆತುಬಿಡು. ಮಾತಿನಲ್ಲಿ ಎಷ್ಟು ನಿಜವಿದೆ ಎಂಬದನ್ನು, ಅವಳು ಶಾಂತಳಾಗಿ ಹೇಳಿದ್ದರೆ ಹೇಗೆ ತೂಗುತ್ತಿದ್ದಿಯೋ ಹಾಗೆಯೇ ತೂಗು. ನಿಜವಿದ್ದರೆ ತಪ್ಪೊಪ್ಪಿಕೊಂಡು ನಡತೆಯನ್ನು ತಿದ್ದಿಕೋ.

ಹಾಗಾದರೆ ಹೆಂಗಸು ಈ ವಯಸ್ಸಿನಲ್ಲಿ ಏನು ಮಾಡಿದರೂ ತಪ್ಪಿಲ್ಲವೋ ಎಂದು ಕೆಲವರು ಕೇಳುವರು. ಇಲ್ಲ, ಹಾಗಲ್ಲ. ಸೊಸೆಯನ್ನು ದಿನಾಲು ಹಂಗಿಸುವವಳಿಗೆ ಅಥವಾ ಮಕ್ಕಳ ಮೇಲೆ ಕೈಮಾಡುವವಳಿಗೆ ಬಾಧೆಯು ಕಾರಣವಾಗಬಹುದು, ಅಪ್ಪಣೆಯಾಗಲಾರದು. ಅವಳು ತನ್ನ ಕೃತ್ಯಗಳ ಒಡತಿಯಾಗಿಯೇ ಇರುತ್ತಾಳೆ. ಹಾಗೆ ಎಣಿಸುವದೇ ಅವಳಿಗೆ ಸಲ್ಲುವ ಮಾನ. ಆದರೆ ಅದನ್ನು ಹೇಳುವ ಸಮಯವು ಝಳದ ಸಮಯವಲ್ಲ, ಹೇಳುವ ಸ್ಥಳವು ನಾಲ್ಕು ಮಂದಿಯ ನಡುವಲ್ಲ. ಅವಳ ಭಾರವನ್ನು ಕೂಡ ಹೊತ್ತವನಿಗೆ ಮಾತ್ರ ಅವಳ ತಪ್ಪನ್ನು ಹೇಳುವ ಅಧಿಕಾರ ಉಂಟಾಗುವದು.

ಈ ಭಾರವನ್ನು ಹೊರುವದು ಹೇಗೆ? ಇದರಲ್ಲಿ ಗಂಡನ ಕರ್ತವ್ಯಗಳು ನಾಲ್ಕು.

ಒಂದನೇದು, ಕೇಳುವದು. ನಿನಗೇನಾಗುತ್ತದೆ, ರಾತ್ರಿ ನಿದ್ರೆ ಬರುತ್ತದೋ, ನಾನು ಏನು ಮಾಡಿದರೆ ಹಗುರಾಗುವದು ಎಂಬ ಮೂರು ಪ್ರಶ್ನೆಗಳನ್ನು ಕೇಳುವದಕ್ಕೆ ಯಾವ ಪಾಠಶಾಲೆಯೂ ಬೇಕಾಗಿಲ್ಲ. ಮೊದಲನೇ ಸಾರಿ ಅವಳು ಏನೂ ಇಲ್ಲ ಎನ್ನುವಳು. ಅದನ್ನು ನಂಬಿ ಎದ್ದು ಹೋಗಬೇಡಿರಿ. ಇಪ್ಪತ್ತೈದು ವರ್ಷ ಯಾರೂ ಕೇಳದವಳಿಗೆ ಉತ್ತರ ಕೊಡುವ ರೂಢಿ ಇರುವದಿಲ್ಲ.

ಎರಡನೇದು, ಕೆಲಸವನ್ನು ಹಂಚಿಕೊಳ್ಳುವದು. ನಿನ್ನ ಕಷ್ಟ ನನಗೆ ತಿಳಿಯಿತು ಎಂದು ಹೇಳಿ ಮತ್ತೆ ಬಿಸಿ ರೊಟ್ಟಿಗಾಗಿ ಕಾದು ಕೂತವನ ತಿಳುವಳಿಕೆಯಿಂದ ಏನು ಪ್ರಯೋಜನ? ಖಡಕ ರೊಟ್ಟಿಯು ದಿನಗಟ್ಟಲೆ ಇರುತ್ತದೆ. ವಾರಕ್ಕೊಮ್ಮೆ ತಂಪುಹೊತ್ತಿನಲ್ಲಿ ಮಾಡಿಟ್ಟರೆ, ಇಲ್ಲವೆ ಮಾಡಿ ಮಾರುವವರಿಂದ ಕೊಂಡರೆ, ದಿನಾಲು ಉರಿಯ ಮುಂದೆ ಕೂಡ್ರುವದು ತಪ್ಪುವದು. ಮುಂಜಾನೆ ನೀರು ತುಂಬಿಡುವದು, ಚಹಕ್ಕೆ ನೀರಿಡುವದು, ಅವ್ವನ ಹಾಸಿಗೆ ತೆಗೆಯುವದು ಗಂಡಸಿನ ಕೈಯಿಂದಲೂ ಆಗುವ ಕೆಲಸಗಳೇ. ಅವಳು ಮಲಗುವಲ್ಲಿ ಗಾಳಿಯಾಡುವಂತೆ ಕಿಟಕಿ ತೆರೆದು, ತಂಬಿಗೆ ನೀರನ್ನೂ ತೆಳ್ಳಗಿನ ಬೇರೆ ಹೊದಿಕೆಯನ್ನೂ ಇಡಿರಿ. ಗಂಡುಮಕ್ಕಳು ಇದನ್ನು ನೋಡಿ ಕಲಿಯುವರು. ಮುಂದೆ ಅವರ ಹೆಂಡಂದಿರಿಗೂ ಇದೇ ಕಾಲ ಬರುವದಲ್ಲಾ.

ಮೂರನೇದು, ಗುಟ್ಟನ್ನು ಕಾಯುವದು. ಅವಳ ಶರೀರದ ಸಂಗತಿಯು ಅವಳದು. ಅದನ್ನು ಕಟ್ಟೆಯ ಮೇಲೆ ನಗುವದಕ್ಕೆ ವಸ್ತುಮಾಡುವದು ನೀಚತನ. ಸಭೆಯಲ್ಲಿ ಪ್ರಾರ್ಥನೆಗಾಗಿ ಅವಳ ಹೆಸರನ್ನು ಹೇಳುವದಾದರೂ ಮೊದಲು ಅವಳನ್ನು ಕೇಳಿ ಹೇಳಿರಿ. ದಾಂಪತ್ಯದ ಹಾಸಿಗೆಯ ವಿಷಯದಲ್ಲಿಯೂ ಇದೇ ಮರ್ಯಾದೆ ಸಲ್ಲತಕ್ಕದ್ದು. ಈ ಕಾಲದಲ್ಲಿ ಒಳಗಿನ ಚರ್ಮವು ಒಣಗಿ ತೆಳ್ಳಗಾಗುವದರಿಂದ ಸಂಗವು ನೋವನ್ನುಂಟುಮಾಡಬಹುದು. ಅವಳು ದೂರ ಸರಿದರೆ ಪ್ರೀತಿ ಹೋಯಿತೆಂದು ತಿಳಿಯಬೇಡಿರಿ, ಬಲಾತ್ಕಾರ ಮಾಡಬೇಡಿರಿ. ಇದಕ್ಕೆ ಹಚ್ಚುವ ಔಷಧಗಳು ಉಂಟು. ಕೇಳಿದರೆ ವೈದ್ಯರು ಕೊಡುವರು. ಮುಟ್ಟು ತಪ್ಪುತ್ತಿದ್ದರೂ ಪೂರ್ಣವಾಗಿ ನಿಲ್ಲುವ ತನಕ ಗರ್ಭ ನಿಲ್ಲಬಹುದೆಂಬದನ್ನೂ ಇಬ್ಬರೂ ನೆನಪಿಡಬೇಕು.

ನಾಲ್ಕನೇದು, ಆಸ್ಪತ್ರೆಗೆ ಜೊತೆಯಾಗಿ ಹೋಗುವದು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಯಾಕಂದರೆ ಇಲ್ಲಿ ಗಂಡನ ಅಜ್ಞಾನದಿಂದ ಹೆಂಡತಿಯ ಶರೀರಕ್ಕೂ ಮನೆಯ ಹಣಕ್ಕೂ ದೊಡ್ಡ ಹಾನಿಯಾಗುವದುಂಟು.

ನೆರೆಯ ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ ೨೦೧೭ರ ವರೆಗಿನ ಕೆಲವು ವರ್ಷಗಳೊಳಗೆ ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶಗಳನ್ನು ತೆಗೆದುಹಾಕಿದ ಸಂಗತಿಯು ಹೊರಬಿದ್ದಿತು. ಅವರಲ್ಲಿ ಅನೇಕರು ಲಂಬಾಣಿ ತಾಂಡಾಗಳ ಬಡವರು. ಕಲಬುರಗಿ ಜಿಲ್ಲೆಯಲ್ಲಿಯೂ ೨೦೧೫ರಲ್ಲಿ ಇಂಥದೇ ದೂರುಗಳು ಎದ್ದವು. ಹೊಟ್ಟೆನೋವು, ಬಿಳುಪು, ಹೆಚ್ಚು ಮುಟ್ಟು ಎಂದು ಬಂದವರಿಗೆ, ಗರ್ಭಕೋಶ ತೆಗೆಯದಿದ್ದರೆ ಕ್ಯಾನ್ಸರ್ ಆಗುವದು ಎಂಬ ಹೆದರಿಕೆ ಹುಟ್ಟಿಸಿದ್ದು ಇಂಥ ದೂರುಗಳಲ್ಲಿ ಕೇಳಿಬಂದ ಮಾತು. ದೇಶದಲ್ಲೆಲ್ಲಾ ಇಂಥವು ನಡೆದದರಿಂದ ಸರ್ವೋಚ್ಚ ನ್ಯಾಯಾಲಯವು ೨೦೨೩ರ ಏಪ್ರಿಲ್ ೫ರಂದು, ಬೇಡದ ಗರ್ಭಕೋಶದ ಶಸ್ತ್ರಕ್ರಿಯೆಗಳನ್ನು ತಡೆಯುವದಕ್ಕಾಗಿ ಕೇಂದ್ರ ಸರಕಾರವು ಮಾಡಿದ ನಿಯಮಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲಾ ರಾಜ್ಯಗಳಿಗೆ ಅಪ್ಪಣೆಕೊಟ್ಟಿತು.

ಗರ್ಭಕೋಶದ ಸಂಗಡ ಅಂಡಾಶಯಗಳನ್ನೂ ತೆಗೆದರೆ, ವರ್ಷಗಳ ಮೇಲೆ ಮೆಲ್ಲಗೆ ಬರಬೇಕಾದ ಈ ಕಾಲವು ಒಂದೇ ದಿನದಲ್ಲಿ ಬಂದು ಬೀಳುವದು; ಝಳವೂ ಹೆಚ್ಚು, ಎಲುಬು ಸವೆಯುವದೂ ಬೇಗ. ಕೆಲವು ರೋಗಗಳಲ್ಲಿ ಶಸ್ತ್ರಕ್ರಿಯೆಯು ಅವಶ್ಯವೇ ಆಗಿದ್ದು ಪ್ರಾಣವನ್ನೂ ಉಳಿಸುತ್ತದೆ, ಇದನ್ನು ಮರೆಯಬಾರದು. ಆದರೆ ಹೆಚ್ಚು ಮುಟ್ಟಿಗೆ ಗುಳಿಗೆಗಳುಂಟು, ಗರ್ಭಕೋಶದೊಳಗೆ ಇಡುವ ಔಷಧವುಳ್ಳ ಚಿಕ್ಕ ಸಾಧನವುಂಟು; ಥೈರಾಯಿಡ್ ದೋಷವಿದ್ದರೆ ಅದಕ್ಕೆ ಬೇರೆ ಔಷಧವುಂಟು. ಝಳ ಬಹಳವಾಗಿದ್ದರೆ ಕಡಿಮೆಯಾದ ರಸವನ್ನು ಗುಳಿಗೆಯ ರೂಪದಲ್ಲಿ ಕೊಡುವ ಚಿಕಿತ್ಸೆಯೂ ಉಂಟು. ಅದು ಎಲ್ಲರಿಗೂ ತಕ್ಕದ್ದಲ್ಲ. ಸ್ತನದ ಕ್ಯಾನ್ಸರ್ ಆದವರಿಗೆ ಸಲ್ಲದು. ವೈದ್ಯರು ಪರೀಕ್ಷಿಸಿಯೇ ಕೊಡಬೇಕು. ಆದದರಿಂದ ಶಸ್ತ್ರಕ್ರಿಯೆ ಎಂಬ ಮಾತು ಬಂದಾಗ, ಬೇರೆ ಉಪಾಯವಿಲ್ಲವೋ, ಅಂಡಾಶಯಗಳನ್ನೂ ತೆಗೆಯುವಿರೋ ಎಂದು ಇಬ್ಬರೂ ಕೇಳಿ, ಎರಡನೇ ವೈದ್ಯರಿಗೂ ತೋರಿಸಿರಿ. ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು; ಬೆಟಗೇರಿಯಲ್ಲಿ ಜನರು ಜರ್ಮನ್ ದವಾಖಾನೆ ಎಂದು ಕರೆಯುವ ಮಿಶನ್ ಆಸ್ಪತ್ರೆಯುಂಟು. ೨೦೨೩ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಡತಿಗೆ ಟಿಕೀಟಿನ ಹಣ ಬೇಡ. ಗಂಡನು ತನ್ನ ಟಿಕೀಟಿನ ಹಣ ಉಳಿಸುವದಕ್ಕಾಗಿ ಅವಳೊಬ್ಬಳನ್ನೇ ಕಳುಹಿಸದಿರಲಿ.

ಜೊತೆಗೆ ಹೋದವನು ಅವಳ ಪರವಾಗಿ ತೀರ್ಮಾನ ಮಾಡುವದಕ್ಕೆ ಹೋಗಿಲ್ಲವೆಂಬದನ್ನು ಸಹ ತಿಳಿದಿರಲಿ. ದಿಲ್ಲಿಯಲ್ಲಿ ಮುಟ್ಟಿನ ತೊಂದರೆಗಾಗಿ ಪರೀಕ್ಷೆಗೆ ಬಂದ ೪೪ ವರ್ಷದ ಒಬ್ಬ ಹೆಂಗಸು ಮಂಪರಿನಲ್ಲಿದ್ದಾಗ, ವೈದ್ಯರು ಅವಳ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಒಪ್ಪಿಗೆಯು ಸಲ್ಲದೆಂದು ತೀರ್ಪುಕೊಟ್ಟಿತು. ಪ್ರಾಣಾಪಾಯದ ಸಮಯ ಹೊರತು, ಬುದ್ಧಿಯುಳ್ಳ ವಯಸ್ಕಳ ಶರೀರದ ವಿಷಯದಲ್ಲಿ ಅವಳ ಒಪ್ಪಿಗೆಯೇ ಒಪ್ಪಿಗೆ. ಹೆತ್ತ ತಾಯಿಯ ಮಾತೇ ಸಾಲದಾದರೆ, ಗಂಡನ ಸಹಿಯು ಹೆಂಡತಿಯ ಮನಸ್ಸಿಗೆ ಬದಲಾಗುವದು ಹೇಗೆ? ನೋಡಿರಿ, ಅಡಿಗೆಮನೆಯಲ್ಲಿ ಕಂಡ ಪ್ರಶ್ನೆಯೇ ಇಲ್ಲಿಯೂ ಬಂತು: ಅವಳ ಮಾತನ್ನು ಅವಳ ಮಾತೆಂದು ಎಣಿಸುತ್ತೇವೋ ಇಲ್ಲವೋ?

ಇನ್ನೆರಡು ಎಚ್ಚರಿಕೆಗಳನ್ನು ಹೇಳುವೆವು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದು ಹನಿಯಾಗಿದ್ದರೂ, ತಡಮಾಡದೆ ವೈದ್ಯರಿಗೆ ತೋರಿಸಿರಿ. ವಯಸ್ಸಿಗೆ ಸಹಜವೆಂದು ಬಿಡಬೇಡಿರಿ. ಎರಡನೇದು, ಬದುಕು ಸಾಕಾಯಿತು ಎಂದು ಅವಳು ಹೇಳಿದರೆ ಅದನ್ನು ಬಾಯಿಮಾತೆಂದು ತಳ್ಳಿಬಿಡಬೇಡಿರಿ. ಅವಳ ಹತ್ತಿರ ಕೂತು ಕೇಳಿರಿ, ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಸರಕಾರದ ಟೆಲಿ ಮಾನಸ್ ಎಂಬ ಸಹಾಯಕ್ಕೆ ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಗಂಡಸಿಗೂ ಕಷ್ಟಗಳಿಲ್ಲವೋ, ಸಾಲ, ಮಳೆ, ಮಗ್ಗದ ಮಂದಿ ಇವೆಲ್ಲಾ ಯಾರ ತಲೆಯ ಮೇಲೆ ಎಂದು ಯಾವನಾದರೂ ಕೇಳುವನು. ಉಂಟು, ಸಹೋದರನೇ, ಬಹಳ ಉಂಟು. ಆದರೆ ನಿನ್ನ ಕಷ್ಟಗಳನ್ನು ಅವಳು ಹೆಸರು ಹಿಡಿದು ಬಲ್ಲಳು. ಯಾವ ಸಾಹುಕಾರನಿಗೆ ಎಷ್ಟು ಕೊಡತಕ್ಕದ್ದು, ನೂಲಿಗೆ ಎಷ್ಟು ಧಾರಣೆ, ಯಾವ ಹೊಲಕ್ಕೆ ಮಳೆ ತಪ್ಪಿತು ಎಂಬದೆಲ್ಲಾ ಅವಳಿಗೆ ಬಾಯಿಪಾಠವಾಗಿರುತ್ತದೆ. ಅವಳ ಕಷ್ಟದಲ್ಲಿ ಒಂದರ ಹೆಸರನ್ನಾದರೂ ನೀನು ಬಲ್ಲಿಯೋ? ಮದುವೆಯ ದಿನ ಸೌಖ್ಯದಲ್ಲಿಯೂ ಅಸೌಖ್ಯದಲ್ಲಿಯೂ ಕೂಡಿರುವೆವೆಂದು ಮಾತುಕೊಟ್ಟೆವು. ಅಸೌಖ್ಯವೆಂದರೆ ಹಾಸಿಗೆ ಹಿಡಿದ ಜ್ವರ ಮಾತ್ರವೆಂದು ಆಗ ಎಣಿಸಿದ್ದೆವು. ನಿಂತು ದುಡಿಯುತ್ತಲೇ ಬೇಯುವ ಅಸೌಖ್ಯವೂ ಒಂದುಂಟೆಂದು ಯಾರೂ ನಮಗೆ ಹೇಳಿರಲಿಲ್ಲ. ಈಗ ತಿಳಿಯಿತು. ತಿಳಿದ ಮೇಲೆ ತಿಳಿಯದವರಂತೆ ನಡೆಯುವದಕ್ಕೆ ನೆವವಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆಯು ಹೇಳುತ್ತದೆ. ಅವಳಿಗೆ ನಿದ್ರೆಯಿಲ್ಲದ ರಾತ್ರಿ ನೀನೂ ಒಂದು ಗಳಿಗೆ ಎದ್ದು, ತಂಬಿಗೆ ನೀರು ಕೊಟ್ಟು, ಪಡಸಾಲೆಯಲ್ಲಿ ಅವಳ ಸಂಗಡ ಕೂತುಕೋ. ಮಲಗಿದರೆ ತೀರದ ಜಗಳವು ಹಾಗೆ ಎಚ್ಚತ್ತು ಕೂತಲ್ಲಿ ತೀರೀತು.